ಒಳಾಂಗಣ ಬಿಲ್ಲುಗಾರಿಕೆ: ಗೆರೆ ತಾಗಿದ ಬಾಣಕ್ಕೆ ಎಷ್ಟು ಅಂಕ?

"ಗುರಿ ಇರುವುದೇ 18 ಮೀಟರ್ ದೂರದಲ್ಲಿ, ಗಾಳಿಯ ಕಾಟವೂ ಇಲ್ಲ. ಹಾಗಾದರೆ ಒಳಾಂಗಣ ಬಿಲ್ಲುಗಾರಿಕೆ ಸುಲಭವಲ್ಲವೇ?" ಎಂದು ಹಲವರು ಕೇಳುತ್ತಾರೆ. ಆದರೆ ಈ ಅನುಕೂಲ ಎಲ್ಲ ಸ್ಪರ್ಧಿಗಳಿಗೂ ಸಮಾನ. ಹಾಗಾಗಿ ಗೆಲುವು ಎಷ್ಟೋ ಸಲ ಒಂದೇ ಅಂಕದಲ್ಲಿ ತೀರ್ಮಾನವಾಗುತ್ತದೆ. ಆ ಒಂದು ಅಂಕವನ್ನು ಎಣಿಸುವುದು ಹೇಗೆ ಎಂದು ನೋಡೋಣ.

ಸುತ್ತು ಹೇಗೆ ನಡೆಯುತ್ತದೆ?

ಅಂತರರಾಷ್ಟ್ರೀಯ ನಿಯಮದ 18 ಮೀಟರ್ ಸುತ್ತಿನಲ್ಲಿ ಒಬ್ಬರು 60 ಬಾಣ ಬಿಡುತ್ತಾರೆ. ಪ್ರತಿ ಸರದಿಗೆ 3 ಬಾಣ, ಒಟ್ಟು 20 ಸರದಿ. ಗರಿಷ್ಠ 600 ಅಂಕ. ಗುರಿಹಾಳೆಯ ವ್ಯಾಸ 40 ಸೆಂ.ಮೀ. ಒಳಗಿನಿಂದ ಹೊರಕ್ಕೆ ಹಳದಿ, ಕೆಂಪು, ನೀಲಿ, ಕಪ್ಪು, ಬಿಳಿ ಬಣ್ಣಗಳು. ಒಂದೊಂದರಲ್ಲೂ ಎರಡು ವಲಯ. 10ರಿಂದ 1ರವರೆಗೆ ಅಂಕ ಇಳಿಯುತ್ತದೆ.

ಹಳದಿಗೆ ಬಿದ್ದರೆ 10 ಖಚಿತವೇ?

ಇಲ್ಲ. ರಿಕರ್ವ್ ಬಿಲ್ಲಿಗೆ ನಡುವಿನ 4 ಸೆಂ.ಮೀ. ವೃತ್ತ ಮಾತ್ರ 10. ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗೆ ಅದಕ್ಕೂ ಒಳಗಿನ 2 ಸೆಂ.ಮೀ. ವೃತ್ತವಷ್ಟೇ 10, ಉಳಿದ ಹಳದಿಯೆಲ್ಲ 9. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು ಜಾಗ!

ಬಾಣಗಳು ಒಂದಕ್ಕೊಂದು ತಾಗಿ ಹಾಳಾಗದಿರಲೆಂದು ಮೂರು ಚಿಕ್ಕ ಗುರಿಗಳಿರುವ ಹಾಳೆಯನ್ನೂ ಬಳಸುತ್ತಾರೆ. ಅದರಲ್ಲಿ 6ರ ವಲಯವೇ ಕೊನೆಯದು, ಅದರಾಚೆ ಬಿದ್ದರೆ ಸೊನ್ನೆ. ಒಂದೇ ಗುರಿಗೆ ಎರಡು ಬಾಣ ಹೊಡೆದರೆ ಕಡಿಮೆ ಅಂಕದ ಬಾಣವಷ್ಟೇ ಲೆಕ್ಕಕ್ಕೆ.

ಗೆರೆ ತಾಗಿದರೆ?

ಅರ್ಧ ಅಂಕ ಎಂಬುದಿಲ್ಲ. ಬಾಣದ ಕಡ್ಡಿ ಗೆರೆಯನ್ನು ತುಸು ತಾಗಿದ್ದರೂ ಹೆಚ್ಚಿನ ಅಂಕವೇ ಸಿಗುತ್ತದೆ. ಅದಕ್ಕಾಗಿಯೇ ಒಳಾಂಗಣದಲ್ಲಿ ಹಲವರು ದಪ್ಪ ಬಾಣ ಬಳಸುತ್ತಾರೆ. ಕಡ್ಡಿಯ ದಪ್ಪಕ್ಕೂ 9.3 ಮಿ.ಮೀ. ಮಿತಿ ಇದೆ. ಸಿಕ್ಕಿಕೊಂಡ ಬಾಣದ ಹಿಂತುದಿಗೇ ಇನ್ನೊಂದು ಬಾಣ ಹೊಕ್ಕು ನಿಂತರೆ, ಮೊದಲಿನದರ ಅಂಕವೇ ಅದಕ್ಕೂ.

ಬಾಣ ಮುಟ್ಟಬಾರದು, ಏಕೆ?

ಎಲ್ಲ ಬಾಣಗಳ ಅಂಕ ಬರೆದು ಮುಗಿಯುವವರೆಗೆ ಬಾಣವನ್ನಾಗಲಿ ಹಾಳೆಯನ್ನಾಗಲಿ ಯಾರೂ ಮುಟ್ಟುವಂತಿಲ್ಲ. ಬಾಣ ಕಿತ್ತ ಮೇಲೆ ಅದು ಗೆರೆ ತಾಗಿತ್ತೇ ಎನ್ನಲು ಸಾಕ್ಷಿ ಉಳಿಯುವುದಿಲ್ಲ. ಅನುಮಾನ ಬಂದರೆ ನಿರ್ಣಾಯಕರನ್ನು ಕರೆಯಬೇಕು. ಅವರು ಹೇಳಿದ್ದೇ ಅಂತಿಮ. ನಂತರ ಪ್ರತಿ ತೂತಿಗೂ ಪೆನ್ನಿನಿಂದ ಗುರುತು ಹಾಕುತ್ತಾರೆ. ಮುಂದೆ ಯಾವುದಾದರೂ ಬಾಣ ಬಡಿದು ಕೆಳಗೆ ಬಿದ್ದರೆ, ಗುರುತಿಲ್ಲದ ಹೊಸ ತೂತೇ ಅದರ ಅಂಕಕ್ಕೆ ಆಧಾರ.

ಒಟ್ಟು ಅಂಕ ಹೆಚ್ಚಿದ್ದವರೇ ಗೆಲ್ಲುತ್ತಾರೆಯೇ?

ಕಾಂಪೌಂಡ್‌ನ ಮುಖಾಮುಖಿ ಪಂದ್ಯದಲ್ಲಿ ಹೌದು: 15 ಬಾಣ, 150 ಅಂಕ. ರಿಕರ್ವ್‌ನಲ್ಲಿ ಹಾಗಲ್ಲ. ಅಲ್ಲಿ ಮೂರು ಬಾಣದ ಸೆಟ್ ಗೆದ್ದರೆ 2 ಪಾಯಿಂಟ್, ಸಮವಾದರೆ ತಲಾ 1. ಮೊದಲು 6 ಮುಟ್ಟಿದವರು ವಿಜೇತರು. ಮೂರು ಸೆಟ್‌ಗಳನ್ನು 29–28ರಂತೆ ಗೆದ್ದು, ಒಂದನ್ನು 25–30ರಲ್ಲಿ ಸೋತವರ ಒಟ್ಟು ಅಂಕ 112, ಎದುರಾಳಿಯದು 114. ಆದರೂ ಪಂದ್ಯ 6–2ರಿಂದ ಅವರದೇ. 5–5 ಆದರೆ ಒಂದೊಂದೇ ಬಾಣ. ಅಂಕವೂ ಸಮವಾದರೆ ಕೇಂದ್ರಕ್ಕೆ ಹತ್ತಿರವಿರುವ ಬಾಣಕ್ಕೆ ಗೆಲುವು.

ದೂರ ಕಡಿಮೆಯಾದ ಮಾತ್ರಕ್ಕೆ ಆಟ ಸುಲಭವಾಗುವುದಿಲ್ಲ. ತಪ್ಪಿಗೆ ಇರುವ ಜಾಗ ಕಡಿಮೆಯಾಗುತ್ತದೆ. ಮುಂದಿನ ಸಲ ಒಳಾಂಗಣ ಪಂದ್ಯ ನೋಡುವಾಗ, ಬಾಣದ ಜೊತೆ ಗೆರೆಯನ್ನೂ ಗಮನಿಸಿ.