ಹಲ್ಲುಹಳಿಗಿಂತ ಮುಂಚೆ ಬೆಟ್ಟ ಹತ್ತಿದವರು

ನೀಲಗಿರಿ ರೈಲು ಅಂದರೆ ನಮ್ಮ ತರಗತಿಯ ಹುಡುಗರಿಗೆ 1998ರ ‘ದಿಲ್ ಸೇ’ ಸಿನಿಮಾದಲ್ಲಿ ಡಬ್ಬಿಯ ಮೇಲೆ ಕುಣಿದ ಕುಣಿತ. ಓದಿಕೊಂಡವರಿಗೆ ಅದು 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಪರಂಪರೆ. ಯಾರ ಪರಂಪರೆ ಎಂದು ಕೇಳುವುದು ದಲಿತ ವಿಮರ್ಶೆಯ ಕೆಲಸವೆಂದು ನಾನು ತಿಳಿದಿದ್ದೇನೆ.

ಮದರಾಸು ಸರ್ಕಾರ ಬೇಸಿಗೆ ಬಂತೆಂದರೆ ಗಂಟುಮೂಟೆ ಕಟ್ಟಿಕೊಂಡು ಊಟಿಗೆ ಹೋಗುತ್ತಿತ್ತು. ದೊರೆಗಳಿಗೆ ತಂಪು ಬೇಕು, ತೋಟದ ಕಾಫಿ-ಟೀ ಕೆಳಗಿಳಿಯಬೇಕು. 1854ರಲ್ಲೇ ಹುಟ್ಟಿದ ಯೋಜನೆ ಮೆಟ್ಟುಪಾಳ್ಯಂನಿಂದ ಕೂನೂರು ಮುಟ್ಟಿದ್ದು 1899ರಲ್ಲಿ. ಕಲ್ಲಾರಿನಿಂದಾಚೆ ಹನ್ನೆರಡೂವರೆ ಅಡಿಗೆ ಒಂದು ಅಡಿಯಷ್ಟು ಏರು. ಬರೀ ಚಕ್ರವಾದರೆ ಜಾರುತ್ತದೆ. ಆದ್ದರಿಂದ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿಗಳನ್ನು ಜೋಡಿಯಾಗಿ ಹಾಸಿದ್ದಾರೆ, ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗುವಂತೆ. ಎಂಜಿನ್ನಿನ ಹಲ್ಲುಗಾಲಿ ಒಂದನ್ನು ಬಿಡುವಷ್ಟರಲ್ಲಿ ಇನ್ನೊಂದನ್ನು ಕಚ್ಚಿರುತ್ತದೆ. ಹತ್ತುವಾಗ ಎಂಜಿನ್ನು ಎಳೆಯುವುದಿಲ್ಲ, ಹಿಂದೆ ನಿಂತು ನೂಕುತ್ತದೆ. (ಮುಂದೆ ಕೂತವರಿಗೆ ಕಣಿವೆ ಕಾಣುತ್ತೆ, ನೂಕೋದು ಕಾಣಲ್ಲ.) ಈ ಏರ್ಪಾಟಿಗೆ ಸ್ವಿಟ್ಜರ್ಲೆಂಡಿನ ರೋಮನ್ ಆಪ್ಟ್ ಎಂಬ ಎಂಜಿನಿಯರನ ಹೆಸರಿದೆ. 16 ಸುರಂಗ ಕೊರೆದ, 250 ಸೇತುವೆಗಳನ್ನು ನಿಲ್ಲಿಸಿದ ಕೈಗಳಿಗೆಲ್ಲ ‘ಕೂಲಿಗಳು’ ಎಂಬ ಒಂದೇ ಹೆಸರು.

1908ರ ಸೆಪ್ಟೆಂಬರಿನಲ್ಲಿ ರೈಲು ಫರ್ನ್‌ಹಿಲ್ ತಲುಪಿತು. ಫರ್ನ್‌ಹಿಲ್ ಅಂದ ಕೂಡಲೇ ಕನ್ನಡಿಗರಾದ ನಮಗೆ ಮೈಸೂರು ಅರಸರ ಅರಮನೆ ನೆನಪಿಗೆ ಬರುತ್ತೆ. ನಮಗೆ ಕಲಿಸಿರುವ ನೆನಪೇ ಅಷ್ಟು.

ಇದೇ ಬೆಟ್ಟದಲ್ಲಿ ಹಳಿ ಬರುವ ಮುಂಚೆಯೇ ಬೇರೊಂದು ಕೆಲಸ ನಡೆದಿತ್ತು. ಸಿದ್ಧವೈದ್ಯ ಪಂಡಿತ ಅಯೋತಿದಾಸರು (1845–1914) 1870ರ ದಶಕದಲ್ಲಿ ಇಲ್ಲಿ ಅದ್ವೈತಾನಂದ ಸಭೆ ಕಟ್ಟಿದರು. 1891ರಲ್ಲಿ ನೀಲಗಿರಿಯಲ್ಲೇ ಸೇರಿದ ದ್ರಾವಿಡ ಮಹಾಜನ ಸಭೆ ಶಾಲೆ, ವಿದ್ಯಾರ್ಥಿವೇತನ, ಬಾವಿಯ ನೀರು ಕೇಳಿತು; ‘ಪರೈಯ’ ಎಂದು ಹೀಯಾಳಿಸುವವರನ್ನು ಶಿಕ್ಷಿಸುವ ಕಾನೂನನ್ನೂ ಕೇಳಿತು. ಅಯೋತಿದಾಸರ ನಂಟ ರೆಟ್ಟಮಲೈ ಶ್ರೀನಿವಾಸನ್ ಇಲ್ಲಿನ ಐರೋಪ್ಯರ ಕಂಪನಿಗಳಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರು 1893ರಲ್ಲಿ ಮದರಾಸಿನಲ್ಲಿ ಪತ್ರಿಕೆ ಶುರು ಮಾಡಿದಾಗ ಅದಕ್ಕೆ ‘ಪರೈಯನ್’ ಅಂತಲೇ ಹೆಸರಿಟ್ಟರು! ಮುಂದೆ ಅಂಬೇಡ್ಕರರ ಜೊತೆ ದುಂಡುಮೇಜಿನ ಪರಿಷತ್ತಿಗೆ ಹೋದವರೂ ಇವರೇ. ಹೆಸರನ್ನು ಬಿಸಾಡಬೇಕೋ, ಎದೆಯ ಮೇಲೆ ಹಾಕಿಕೊಂಡು ನಡೆಯಬೇಕೋ ಎಂಬ ಜಗಳ ಒಂದೇ ಮನೆಯೊಳಗಿತ್ತು. ಅದೇ ಜಗಳ ನಮ್ಮ ಕೇರಿಗಳಲ್ಲಿ ಮುಗಿದಿಲ್ಲ.

ಇದನ್ನೆಲ್ಲ ಬಿಳಿಯರ ಉಪಕಾರ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಂಗಲೆ, ಕಚೇರಿ, ತೋಟಗಳು ದೊರೆಗಳ ಅನುಕೂಲಕ್ಕೆ ಆದವು. ಅಲ್ಲಿ ಸಿಕ್ಕ ಸಂಬಳವನ್ನೂ ಅಕ್ಷರವನ್ನೂ ಸಂಘಟನೆಯನ್ನಾಗಿ ಮಾಡಿದವರು ಇವರು. ಅಯೋತಿದಾಸರು ಕಾಸಿಗೊಂದರಂತೆ ‘ಒರು ಪೈಸಾ ತಮಿಳನ್’ ಪತ್ರಿಕೆ ಹೊರಡಿಸಿದ್ದು 1907ರಲ್ಲಿ. ರೈಲು ಉದಕಮಂಡಲಕ್ಕೆ ಬಂದದ್ದು ಅದರ ಮರುವರ್ಷ, ಅಕ್ಟೋಬರಿನಲ್ಲಿ.