ಸಾಲದ ಶರತ್ತು, ಬಡವನ ತುತ್ತು

ತಿಂಗಳ ಮೊದಲ ವಾರ ಎಕ್ಸ್‌ಚೇಂಜ್ ಕೌಂಟರಿನ ಸಾಲಿನಲ್ಲಿ ನಿಂತಾಗ ನಮ್ಮ ತಲೆಯಲ್ಲಿ ಓಡುವುದು ಊರಿನ ಲೆಕ್ಕ: ಮಕ್ಕಳ ಶಾಲೆಯ ಫೀಸು, ಅಮ್ಮನ ಔಷಧಿ, ಸೊಸೈಟಿ ಸಾಲದ ಕಂತು. ಅದೇ ಸಾಲಿನಲ್ಲಿ ನಮ್ಮ ಮುಂದೆ ಈಜಿಪ್ಟಿನವರು, ಹಿಂದೆ ಕೀನ್ಯಾದವರು ನಿಂತಿರುತ್ತಾರೆ. ಅವರ ಲೆಕ್ಕವೂ ಹೆಚ್ಚುಕಡಿಮೆ ಇದೇ. ಸಾಲ ಕೊಟ್ಟವನ ಮಾತು ಮನೆಯೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವೀಸಾಕ್ಕೆಂದು ಬಡ್ಡಿಗೆ ಹಣ ತಂದು ವಿಮಾನ ಹತ್ತಿದವರು ನಮ್ಮಲ್ಲೇ ಅನೇಕರಿದ್ದಾರೆ. ಆದರೆ ಒಂದು ದೇಶವೇ ಸಾಲಗಾರನಾದಾಗ ಶರತ್ತು ಬೀಳುವುದು ಯಾರ ತಟ್ಟೆಯ ಮೇಲೆ? ಈ ಪ್ರಶ್ನೆಯ ಚರಿತ್ರೆಯೂ ನಾವು ಈ ಮರಳುನಾಡಿಗೆ ಬಂದ ಚರಿತ್ರೆಯೂ ಒಂದೇ ಕಡೆಯಿಂದ ಶುರುವಾಗುತ್ತವೆ.

1973ರ ಅಕ್ಟೋಬರಿನಿಂದ 1974ರ ಜನವರಿಯೊಳಗೆ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಆ ಹಣದಿಂದ ಕೊಲ್ಲಿಯಲ್ಲಿ ರಸ್ತೆ, ಬಂದರು, ಕಟ್ಟಡಗಳು ಎದ್ದವು. ಮಂಗಳೂರು, ಉಡುಪಿ, ಭಟ್ಕಳದಿಂದ ನಮ್ಮ ಹಿರಿಯರು ಕೆಲಸಕ್ಕೆ ಬಂದರು. ಇಲ್ಲಿ ಖರ್ಚಾಗದೆ ಉಳಿದ ಹಣ ಲಂಡನ್, ನ್ಯೂಯಾರ್ಕಿನ ಬ್ಯಾಂಕುಗಳನ್ನು ಸೇರಿತು. ಬ್ಯಾಂಕುಗಳು ಅದನ್ನು ಲ್ಯಾಟಿನ್ ಅಮೆರಿಕ, ಆಫ್ರಿಕಾದ ಸರ್ಕಾರಗಳಿಗೆ ಏರಿಳಿಯುವ ಬಡ್ಡಿಯ ಮೇಲೆ ಸಾಲ ಕೊಟ್ಟವು. 1979ರ ನಂತರ ಅಮೆರಿಕದಲ್ಲಿ ಬಡ್ಡಿ ದರ ಏರಿತು; ತಾಮ್ರ, ಕಾಫಿಯಂಥ ಸರಕುಗಳ ಬೆಲೆ ಇಳಿಯಿತು. 1982ರ ಆಗಸ್ಟಿನಲ್ಲಿ ಮೆಕ್ಸಿಕೋ ಕೈಚೆಲ್ಲಿತು. ಅದರ ಹಿಂದೆ ಸಾಲುಸಾಲು ದೇಶಗಳು ಬಂದವು.

ಆಗ ಬಾಗಿಲು ತೆರೆದಿದ್ದುದು ಎರಡೇ ಕಡೆ. 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿ ರೂಪಿಸಿದ ಅಂತಾರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕ್. 1980ರಿಂದ ವಿಶ್ವಬ್ಯಾಂಕ್ ‘ರಚನಾತ್ಮಕ ಹೊಂದಾಣಿಕೆ’ ಎಂಬ ಹೆಸರಿನ ಸಾಲ ಕೊಡತೊಡಗಿತು. ಶರತ್ತುಗಳು ಎಲ್ಲ ಕಡೆಯೂ ಬಹುಪಾಲು ಒಂದೇ: ನಾಣ್ಯದ ಬೆಲೆ ಇಳಿಸಿ, ಸಬ್ಸಿಡಿ ಕಡಿಮೆ ಮಾಡಿ, ಸರ್ಕಾರಿ ನೌಕರಿ ತಗ್ಗಿಸಿ, ಸರ್ಕಾರಿ ಕಂಪನಿ ಮಾರಿ, ಆಸ್ಪತ್ರೆಗೂ ಶಾಲೆಗೂ ಶುಲ್ಕ ಹಾಕಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂಬುದು ಸಾಲ ಕೊಟ್ಟವರ ವಾದ. ಅದರಲ್ಲಿ ಸುಳ್ಳಿರಲಿಲ್ಲ, ಎಷ್ಟೋ ಸರ್ಕಾರಗಳು ಸೈನ್ಯಕ್ಕೂ ಆಡಂಬರಕ್ಕೂ ದುಡ್ಡು ಸುರಿದಿದ್ದವು. ಆದರೆ ಹಾಸಿಗೆ ಕತ್ತರಿಸಿದಾಗ ಹೊರಗೆ ಬಿದ್ದದ್ದು ಬಡವರ ಕಾಲು.

ಈಜಿಪ್ಟಿನವರಿಗೆ ಇದು ಮೊದಲೇ ಗೊತ್ತಿತ್ತು. ಹಣಕಾಸು ನಿಧಿಯ ಒತ್ತಾಯಕ್ಕೆ ಮಣಿದ ಸಾದತ್ ಸರ್ಕಾರ 1977ರ ಜನವರಿ 17ರಂದು ಹಿಟ್ಟು, ಅಕ್ಕಿ, ಅಡುಗೆ ಎಣ್ಣೆ ಮುಂತಾದವುಗಳ ಸಬ್ಸಿಡಿ ಕಡಿತ ಘೋಷಿಸಿತು. ಮರುದಿನವೇ ಅಲೆಕ್ಸಾಂಡ್ರಿಯಾದಿಂದ ಅಸ್ವಾನಿನವರೆಗೆ ಜನ ಬೀದಿಗಿಳಿದರು. 70ಕ್ಕೂ ಹೆಚ್ಚು ಮಂದಿ ಸತ್ತರು. ಸರ್ಕಾರ ಆದೇಶ ಹಿಂತೆಗೆದುಕೊಂಡಿತು. 1989ರ ಏಪ್ರಿಲ್‌ನಲ್ಲಿ ಜೋರ್ಡಾನಿನ ಮಆನ್ ಪಟ್ಟಣದಲ್ಲಿ ಇಂಧನ ಬೆಲೆ ಏರಿಕೆಯ ವಿರುದ್ಧ ಗಲಭೆಯಾಗಿ ಪ್ರಧಾನಿ ರಾಜೀನಾಮೆ ಕೊಟ್ಟರು.

ಟೀಕೆ ಬೀದಿಯಿಂದ ಮಾತ್ರ ಬರಲಿಲ್ಲ. 1987ರಲ್ಲಿ ಯುನಿಸೆಫ್ ಪ್ರಕಟಿಸಿದ ಅಧ್ಯಯನವೊಂದು, ಹೊಂದಾಣಿಕೆಗೆ ಮನುಷ್ಯನ ಮುಖ ಇರಬೇಕು ಎಂದು ವಾದಿಸಿತು. ಖರ್ಚು ಕಡಿಯುವಾಗ ಮಕ್ಕಳ ಆಹಾರ, ಆರೋಗ್ಯ, ಶಿಕ್ಷಣವನ್ನು ಕಾಪಾಡಬೇಕು ಎಂಬುದು ಅದರ ಸಾರ. 1997ರಿಂದ 2000ದವರೆಗೆ ವಿಶ್ವಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ಜೋಸೆಫ್ ಸ್ಟಿಗ್ಲಿಟ್ಸ್ ಅವರೇ ಹಣಕಾಸು ನಿಧಿಯ ಕಠಿಣ ವಿಮರ್ಶಕರಾದರು. ಈ ಒತ್ತಡದ ನಡುವೆ 1999ರಲ್ಲಿ ಎರಡೂ ಸಂಸ್ಥೆಗಳು ಹೊಸ ದಾರಿ ಪ್ರಕಟಿಸಿದವು: ಸಾಲವೋ ಸಾಲಮನ್ನಾವೋ ಬೇಕಾದ ಬಡ ದೇಶ, ಜನರ ಜೊತೆ ಚರ್ಚಿಸಿ ತಾನೇ ಒಂದು ‘ಬಡತನ ಇಳಿಕೆ ಕಾರ್ಯತಂತ್ರ’ ಬರೆಯಬೇಕು. ಕೇಳಲು ಚೆನ್ನಾಗಿತ್ತು. ಆದರೆ ಆ ಪತ್ರವನ್ನು ಒಪ್ಪಬೇಕಾದವರು ವಾಷಿಂಗ್ಟನ್ನಿನ ಎರಡು ಮಂಡಳಿಗಳು. ಅವರಿಗೆ ಏನು ಹಿಡಿಸುತ್ತದೆ ಎಂದು ತಿಳಿದಿದ್ದ ಸರ್ಕಾರಗಳು ಅದನ್ನೇ ಬರೆದವು, ಹಳೆಯ ಶರತ್ತುಗಳೇ ಹೊಸ ಕವರಿನಲ್ಲಿ ಬಂದವು ಎಂಬುದು ವಿಮರ್ಶಕರ ಮುಖ್ಯ ಆಕ್ಷೇಪ.

ಮಲಾವಿಯ ಕಥೆ ನೋಡೋಣ. ಅಲ್ಲಿನವರ ಊಟ ಮೆಕ್ಕೆಜೋಳದ ಹಿಟ್ಟಿನ ‘ಎನ್ಸಿಮಾ’, ಹೆಚ್ಚುಕಡಿಮೆ ನಮ್ಮ ಮುದ್ದೆಯ ಹಾಗೆ. 1998ರಿಂದ ಎರಡು ವರ್ಷ ಸುಮಾರು 28 ಲಕ್ಷ ಸಣ್ಣ ರೈತ ಕುಟುಂಬಗಳಿಗೆ ಬೀಜ, ಗೊಬ್ಬರದ ಪುಟ್ಟ ಪೊಟ್ಟಣವನ್ನು ಉಚಿತವಾಗಿ ಹಂಚಲಾಯಿತು. ಬೆಳೆ ಚೆನ್ನಾಗಿ ಬಂತು. ನಂತರ ಪೊಟ್ಟಣ ಸುಮಾರು ಅರ್ಧದಷ್ಟು ಕುಟುಂಬಗಳಿಗೆ ಇಳಿಯಿತು. ಸರ್ಕಾರಿ ಉಗ್ರಾಣದಲ್ಲಿ ಒಂದೂವರೆ ಲಕ್ಷ ಟನ್ನಿಗೂ ಹೆಚ್ಚು ಜೋಳವಿತ್ತು. ಅದನ್ನು ಕೊಳ್ಳಲು ಮಾಡಿದ ಸಾಲವೂ ಇತ್ತು. ದಾಸ್ತಾನು ಇಳಿಸಿ ಎಂದು ಹಣಕಾಸು ನಿಧಿ ಸಲಹೆ ಕೊಟ್ಟಿತು. ಸರ್ಕಾರ ಹೆಚ್ಚುಕಡಿಮೆ ಎಲ್ಲವನ್ನೂ ಮಾರಿಬಿಟ್ಟಿತು. 2001ರಲ್ಲಿ ಬೆಳೆ ಕೈಕೊಟ್ಟಿತು. 2002ರ ಆರಂಭದ ತಿಂಗಳುಗಳಲ್ಲಿ ಜನ ಹಸಿವಿನಿಂದ ಸತ್ತರು. ಒಂದು ಭಾಗ ಉಳಿಸಿಕೊಳ್ಳಿ ಎಂದೇ ನಾವು ಹೇಳಿದ್ದೆವು ಎಂದಿತು ನಿಧಿ. ಮಾರಾಟದಲ್ಲಿ ಸ್ಥಳೀಯ ಭ್ರಷ್ಟಾಚಾರದ ಆರೋಪವೂ ಬಂತು. ಎರಡೂ ಕಡೆ ತಪ್ಪಿದ್ದಿರಬಹುದು, ಆದರೆ ಉಗ್ರಾಣ ಖಾಲಿಯಾಗಿತ್ತು. 2005ರಲ್ಲಿ ಅಧ್ಯಕ್ಷ ಬಿಂಗು ವಾ ಮುಥಾರಿಕಾ, ದಾನಿಗಳ ಹಿಂಜರಿಕೆಯ ನಡುವೆಯೂ ಗೊಬ್ಬರ ಸಬ್ಸಿಡಿ ತಂದರು. ಮಳೆಯೂ ಕೈಹಿಡಿಯಿತು. 2007ರಲ್ಲಿ ಮಲಾವಿ ಜಿಂಬಾಬ್ವೆಗೆ ಜೋಳ ರಫ್ತು ಮಾಡಿತು. ಮುಂದೆ ಆ ಸಬ್ಸಿಡಿಯ ಖರ್ಚು ಬಜೆಟ್ಟಿಗೆ ಭಾರವಾಯಿತು ಎಂಬುದನ್ನೂ ಮರೆಯಬಾರದು.

ಇನ್ನು ಕೀನ್ಯಾ. 1980ರ ದಶಕದ ಕೊನೆಗೆ ‘ವೆಚ್ಚ ಹಂಚಿಕೆ’ಯ ಹೆಸರಿನಲ್ಲಿ ಶಾಲೆಯ ಖರ್ಚು ತಂದೆತಾಯಿಯ ಹೆಗಲಿಗೆ ಬಿತ್ತು. 2003ರ ಜನವರಿಯಲ್ಲಿ ಹೊಸ ಸರ್ಕಾರ ಪ್ರಾಥಮಿಕ ಶಾಲೆಯ ಫೀಸು ರದ್ದು ಮಾಡಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹೊಸದಾಗಿ ಶಾಲೆಗೆ ಬಂದರು. ಮರುವರ್ಷ 84ರ ವಯಸ್ಸಿನ ಕಿಮಾನಿ ಮರುಗೆ ಎಂಬ ಅಜ್ಜ ಒಂದನೇ ತರಗತಿಗೆ ಸೇರಿ ಸುದ್ದಿಯಾದರು. ತರಗತಿಗಳು ಕಿಕ್ಕಿರಿದವು, ಮೇಷ್ಟ್ರು ಸಾಲದಾದರು, ನಿಜ. ಆದರೆ ಅಷ್ಟು ಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಿದ್ದರಲ್ಲಿ ಆ ಫೀಸಿನ ಪಾಲು ಎಷ್ಟು ದೊಡ್ಡದಿತ್ತು ಎಂಬುದು ಆಗ ಕಣ್ಣಿಗೆ ಕಂಡಿತು.

ನಮ್ಮ ದೇಶವೂ ಇದರಿಂದ ಹೊರಗಿರಲಿಲ್ಲ. 1990ರ ಆಗಸ್ಟ್ 2ರಂದು ಕುವೈತ್ ಮೇಲೆ ದಾಳಿಯಾಯಿತು. ಸುಮಾರು 1 ಲಕ್ಷ 70 ಸಾವಿರ ಭಾರತೀಯರು ಕೈಗೆ ಸಿಕ್ಕ ಪೆಟ್ಟಿಗೆ ಹಿಡಿದು ಊರಿಗೆ ಮರಳಿದರು. ಅವರಲ್ಲಿ ನಮ್ಮವರೂ ಇದ್ದರು. ಇಲ್ಲಿಂದ ಹೋಗುವ ಹಣ ಕುಸಿಯಿತು, ತೈಲದ ಬಿಲ್ಲು ಏರಿತು. 1991ರ ಮೇ ತಿಂಗಳಲ್ಲಿ 20 ಟನ್, ಜುಲೈನಲ್ಲಿ ಸುಮಾರು 47 ಟನ್ ಚಿನ್ನ ವಿದೇಶಕ್ಕೆ ಹೋಯಿತು. ಹಣಕಾಸು ನಿಧಿಯ ಸಾಲದ ಜೊತೆ ರೂಪಾಯಿ ಅಪಮೌಲ್ಯವೂ, ಗೊಬ್ಬರದ ಬೆಲೆಯನ್ನು ಶೇ 40 ಏರಿಸುವ ಬಜೆಟ್ಟೂ ಬಂತು. ಸಂಸತ್ತಿನಲ್ಲಿ ಕೂಗು ಎದ್ದ ಮೇಲೆ ಏರಿಕೆ ಶೇ 30ಕ್ಕೆ ಇಳಿಯಿತು. ಭಾರತ ಕೆಲವೇ ವರ್ಷಗಳಲ್ಲಿ ಚೇತರಿಸಿಕೊಂಡಿತು. ಮಲಾವಿಗೂ ನಮಗೂ ಇದ್ದ ಒಂದು ವ್ಯತ್ಯಾಸ ಇಲ್ಲಿದೆ: ನಮ್ಮಲ್ಲಿ ತುಂಬಿದ ಸರ್ಕಾರಿ ಉಗ್ರಾಣಗಳಿದ್ದವು, ರೇಷನ್ ಅಂಗಡಿಗಳಿದ್ದವು, ಪ್ರಶ್ನಿಸುವ ಸಂಸತ್ತಿತ್ತು, ವಿದೇಶದಿಂದ ತಿಂಗಳು ತಿಂಗಳು ಹಣ ಕಳಿಸುವ ದುಡಿಮೆಗಾರರಿದ್ದರು.

ಸಾಲ ಬೇಡ ಎನ್ನುವುದು ಈ ಚರಿತ್ರೆಯ ಪಾಠವಲ್ಲ. ಸಾಲವಿಲ್ಲದೆ ನಮ್ಮಲ್ಲೂ ಎಷ್ಟೋ ಮನೆಗಳಿಗೆ ತಾರಸಿ ಬೀಳುತ್ತಿರಲಿಲ್ಲ. ಶರತ್ತು ಬರೆಯುವಾಗ ಉಣ್ಣುವವನನ್ನು ಕೇಳಿದ್ದಾರೆಯೇ, ಉಗ್ರಾಣ ಮಾರುವ ಮೊದಲು ಮುಂದಿನ ಮಳೆಯನ್ನು ನೆನೆದಿದ್ದಾರೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ. ಊರಿಗೆ ರಜೆಯ ಮೇಲೆ ಹೋದಾಗ ರೇಷನ್ ಅಂಗಡಿಯನ್ನೋ ಸರ್ಕಾರಿ ಶಾಲೆಯನ್ನೋ ದಂಡದ ಖರ್ಚು ಎಂದು ಯಾರಾದರೂ ಅಂದರೆ ಮಲಾವಿಯ ಆ ಖಾಲಿ ಉಗ್ರಾಣ ನಮಗೆ ನೆನಪಾಗಲಿ. ಮುಂದಿನ ತಿಂಗಳು ಎಕ್ಸ್‌ಚೇಂಜ್ ಸಾಲಿನಲ್ಲಿ ನಿಂತಾಗ ಹಿಂದೆ ನಿಂತ ಕೀನ್ಯಾದ ಗೆಳೆಯನನ್ನು, ನಿನ್ನ ಮಕ್ಕಳು ಎಷ್ಟನೇ ಕ್ಲಾಸು ಎಂದು ಕೇಳೋಣ. ಅವನ ಹತ್ತಿರವೂ ಹೇಳಲು ಬಹಳವಿರುತ್ತದೆ.