ವೇಗದ ದೇವರಿಗೆ ನೈವೇದ್ಯ

ಕಳೆದ ದೀಪಾವಳಿಯ ರಜೆಯಲ್ಲಿ ಮೈಸೂರಿನಿಂದ ನಮ್ಮ ಅಣ್ಣನ ಫೋನ್ ಬಂತು. ತಂದೆಯವರು ಬಿಟ್ಟುಹೋದ ಹಳೆಯ ಯೆಜ್ಡಿ ಬೈಕಿನ ವಿಷಯ. “ಇಂಜಿನ್ ಮತ್ತೆ ಕೂತುಬಿಟ್ಟಿದೆ. ಗುಜರಿಯವನು ಬಂದು ನೋಡಿಕೊಂಡು ಹೋದ. ಪಿಸ್ಟನ್ ಅಪ್ಪನ ಕಾಲದ್ದಲ್ಲ, ಕಾರ್ಬುರೇಟರ್ ಬೇರೆ ಕಂಪನಿಯದು. ಅದರಲ್ಲಿ ಅಪ್ಪನದು ಅಂತ ಏನು ಉಳಿದಿದೆ, ನೀನೇ ಹೇಳು” ಎಂದ. ಎರಡು ದಿನ ತಡೆಯಪ್ಪಾ ಎಂದೆವು.

ಕಾಕತಾಳೀಯವೋ ಏನೋ, ಅದೇ ರಾತ್ರಿ ಮನೆಮಂದಿಯೆಲ್ಲ ಕುಳಿತು ಒಂದು ಇಂಗ್ಲಿಷ್ ಚಿತ್ರ ನೋಡಿದೆವು. 2005ರಲ್ಲಿ ಬಂದ ‘ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್’. ಹೆಸರು ಕೇಳಿದೊಡನೆ ಮಗಳು, “ಅಪ್ಪಾ, ಇದು ನಮ್ಮ ದೇಶದವರ ಕಥೆಯಾ?” ಎಂದಳು. ಅಲ್ಲ. ಇಲ್ಲಿ ‘ಇಂಡಿಯನ್’ ಎಂಬುದು ಬೈಕಿನ ಹೆಸರು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಕಾರ್ಖಾನೆಯಲ್ಲಿ ತಯಾರಾದದ್ದು. ಓಡಿಸಿದವನು ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್ಕಾರ್ಗಿಲ್ ಪಟ್ಟಣದ ಬರ್ಟ್ ಮನ್ರೊ. ಚಿತ್ರದಲ್ಲಿ ಕಥೆಗೆ ಬೇಕಾದ ಕಲ್ಪನೆ ಸೇರಿರಬಹುದು. ನಿಜವಾದ ಇತಿಹಾಸವೇ ಅದಕ್ಕಿಂತ ಸ್ವಾರಸ್ಯವಾದದ್ದು.

ಮನ್ರೊ ಹುಟ್ಟಿದ್ದು 1899ರಲ್ಲಿ. 1920ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹೊಸ ಇಂಡಿಯನ್ ಸ್ಕೌಟ್ ಬೈಕನ್ನು ಕೊಂಡ. ‘ವಿ’ ಅಕ್ಷರದ ಆಕಾರದಲ್ಲಿ ಎರಡು ಸಿಲಿಂಡರು, ಸುಮಾರು 600 ಸಿ.ಸಿ. ಇಂಜಿನ್. ಕಾರ್ಖಾನೆಯಿಂದ ಬಂದಾಗ ಅದರ ಗರಿಷ್ಠ ವೇಗ ಗಂಟೆಗೆ 55 ಮೈಲಿ. ಊರಿನ ರಸ್ತೆಗೆ ಅದು ಧಾರಾಳ. ಆದರೆ ಮನ್ರೊಗೆ ಸಾಲಲಿಲ್ಲ. 1926ರಿಂದ ಅದನ್ನು ಬಿಚ್ಚಿ ಬದಲಾಯಿಸತೊಡಗಿದ. ಹಗಲು ಬೈಕುಗಳನ್ನು ಮಾರುವ ಉದ್ಯೋಗ, ರಾತ್ರಿ ತನ್ನ ಬೈಕಿನ ಕೆಲಸ.

ದುಡ್ಡಿರಲಿಲ್ಲ. ದುಡ್ಡಿದ್ದರೂ ಅವನಿಗೆ ಬೇಕಾದ ಭಾಗಗಳು ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ. ಆದ್ದರಿಂದ ಕೈಗೆ ಸಿಕ್ಕಿದ್ದರಲ್ಲೇ ಎಲ್ಲವನ್ನೂ ಮಾಡಿಕೊಂಡ. ಹಳೆಯ ಡಬ್ಬಿಗಳಲ್ಲಿ ಲೋಹ ಎರಕ ಹೊಯ್ದು ಪಿಸ್ಟನ್ ಮಾಡಿದ. ಎರಕದ ಕಬ್ಬಿಣದ ಗ್ಯಾಸ್ ಪೈಪನ್ನು ಕೊರೆದು ಸಿಲಿಂಡರ್ ಮಾಡಿದ. ಟ್ರ್ಯಾಕ್ಟರಿನ ಆ್ಯಕ್ಸಲ್ಲಿನ ಉಕ್ಕನ್ನು ಕೊಯ್ದು ಕನೆಕ್ಟಿಂಗ್ ರಾಡು ಮಾಡಿದ. ಅಳತೆಗೆ ಬೇಕಾದ ಉಪಕರಣವನ್ನು ಹಳೆಯ ಚಕ್ರದ ಕಡ್ಡಿಯಿಂದ ತಯಾರಿಸಿಕೊಂಡ. ಮೂಲದಲ್ಲಿ ಸಿಲಿಂಡರಿನ ಪಕ್ಕದಲ್ಲಿದ್ದ ವಾಲ್ವುಗಳನ್ನು ತಲೆಯ ಮೇಲಕ್ಕೆ ತಂದ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಸುತ್ತುಬಳಸದೆ ನೇರವಾಗಿ ಒಳಗೆ ಇಳಿಯಲಿ ಎಂಬುದು ಅದರ ಉದ್ದೇಶ.

ಇದು ಎಷ್ಟು ಕಷ್ಟದ ಕೆಲಸವೆಂಬುದನ್ನು ಸ್ವಲ್ಪ ಲೆಕ್ಕದಿಂದ ತಿಳಿಯಬಹುದು. ಪಿಸ್ಟನ್ ಮೇಲಕ್ಕೆ ಹೋಗಿ, ಕ್ಷಣಮಾತ್ರ ನಿಂತು, ಮತ್ತೆ ಕೆಳಗೆ ಬರಬೇಕು. ಅದನ್ನು ಹಿಡಿದು ಎಳೆಯುವುದು ಕನೆಕ್ಟಿಂಗ್ ರಾಡು. ಇಂಜಿನ್ನಿನ ಸುತ್ತು ಎರಡರಷ್ಟಾದರೆ ಈ ಎಳೆತ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ಮೆಲ್ಲಗೆ ಓಡುವ ಬೈಕಿಗೆಂದು ಮಾಡಿದ ರಾಡು ಆ ಎಳೆತಕ್ಕೆ ತಾಳುವುದಿಲ್ಲ. ಗಾಳಿಯ ತಡೆಯದು ಇನ್ನೊಂದು ಲೆಕ್ಕ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 55 ಮೈಲಿಯಿಂದ 184 ಮೈಲಿಗೆ ಹೋಗಬೇಕಾದರೆ ಸುಮಾರು 37 ಪಟ್ಟು ಶಕ್ತಿ ಬೇಕು! ಮನ್ರೊ ಇಂಜಿನ್ನನ್ನು ಹಿಗ್ಗಿಸಿದ್ದು 950 ಸಿ.ಸಿ.ವರೆಗೆ ಮಾತ್ರ, ಅಂದರೆ ಒಂದೂವರೆ ಪಟ್ಟಿಗೆ ತುಸು ಹೆಚ್ಚು. ಉಳಿದದ್ದನ್ನು ಇಂಜಿನ್ನಿನ ಸುಧಾರಣೆಯಿಂದಲೂ, ಗಾಳಿಯನ್ನು ಸುಲಭವಾಗಿ ಸೀಳುವಂಥ ಮೀನಿನಾಕಾರದ ಹೊದಿಕೆಯಿಂದಲೂ ಗಿಟ್ಟಿಸಬೇಕಾಯಿತು.

ಸಹಜವಾಗಿಯೇ ಅವನು ಮಾಡಿದ ಭಾಗಗಳು ಒಡೆಯುತ್ತಲೇ ಇದ್ದವು. ಒಡೆದ ಪಿಸ್ಟನ್, ಮುರಿದ ರಾಡು, ಸುಟ್ಟ ವಾಲ್ವು ಯಾವುದನ್ನೂ ಅವನು ಎಸೆಯಲಿಲ್ಲ. ತನ್ನ ಶೆಡ್ಡಿನಲ್ಲಿ ಕಪಾಟಿನ ಮೇಲೆ ಸಾಲಾಗಿ ಜೋಡಿಸಿಟ್ಟು, ‘ವೇಗದ ದೇವರಿಗೆ ನೈವೇದ್ಯ’ ಎಂಬರ್ಥದ ಬರಹವನ್ನು ಬರೆದಿಟ್ಟ. ಇದು ತಮಾಷೆಯೂ ಹೌದು, ಪಾಠವೂ ಹೌದು. ಮುರಿದ ಭಾಗವನ್ನು ಕಣ್ಣೆದುರು ಇಟ್ಟುಕೊಂಡವನಿಗೆ ಅದು ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂಬುದು ದಿನವೂ ಕಾಣುತ್ತದೆ.

1962ರಲ್ಲಿ, ಅರವತ್ತಮೂರನೆಯ ವಯಸ್ಸಿನಲ್ಲಿ, ಅವನು ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 178.95 ಮೈಲಿ ವೇಗದಲ್ಲಿ ಓಡಿಸಿ ತನ್ನ ವರ್ಗದ ದಾಖಲೆ ಸ್ಥಾಪಿಸಿದ. 1966ರಲ್ಲಿ ಇನ್ನೊಂದು ದಾಖಲೆ. 1967ರ ಆಗಸ್ಟಿನಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ, ಸಾವಿರ ಸಿ.ಸಿ.ಗಿಂತ ಕಡಿಮೆಯ ಇಂಜಿನ್ನುಗಳ ವರ್ಗದಲ್ಲಿ ಮೂರನೆಯದು. ಆಗ ಬೈಕಿನ ವಯಸ್ಸು ನಲವತ್ತೇಳು.

ಇನ್ನು ಮುಂದಿನದು ನಮ್ಮಂಥ ಗುಮಾಸ್ತರು ಗಮನಿಸಬೇಕಾದ ಸಂಗತಿ. ಉಪ್ಪಿನ ಬಯಲಿನಲ್ಲಿ ಹೋಗುವಾಗ ಒಂದು ಓಟ, ಬರುವಾಗ ಒಂದು ಓಟ. ಎರಡರ ಸರಾಸರಿಯೇ ದಾಖಲೆ. 1967ರ ಆ ಎರಡು ಓಟಗಳ ವೇಗ 184.710 ಮತ್ತು 183.463 ಮೈಲಿ. ಕೂಡಿ ಎರಡರಿಂದ ಭಾಗಿಸಿ ನೋಡಿ: 184.087. ಆದರೆ ಅಮೆರಿಕನ್ ಮೋಟರ್‌ಸೈಕ್ಲಿಸ್ಟ್ ಅಸೋಸಿಯೇಷನ್ನಿನ ಪುಸ್ತಕದಲ್ಲಿ ಬರೆದಿದ್ದದ್ದು 183.586! ಯಾರೋ ಲೆಕ್ಕ ತಪ್ಪಿದ್ದರು. ಪಿಸ್ಟನ್ನಿನ ಕೂದಲೆಳೆಯಷ್ಟು ವ್ಯತ್ಯಾಸಕ್ಕಾಗಿ ರಾತ್ರಿಗಟ್ಟಲೆ ಅರ ಹಿಡಿದು ಉಜ್ಜಿದವನ ಅರ್ಧ ಮೈಲಿ ವೇಗ ಒಂದು ಕೂಡುವ ಲೆಕ್ಕದಲ್ಲಿ ಹೋಯಿತು. ಮನ್ರೊ ಇದನ್ನು ಅರಿಯದೆ 1978ರ ಜನವರಿಯಲ್ಲಿ ತೀರಿಕೊಂಡ. ತಪ್ಪನ್ನು ಕಂಡುಹಿಡಿದವನು ಅವನ ಮಗ ಜಾನ್. 2014ರಲ್ಲಿ ಸಂಸ್ಥೆ ತನ್ನ ದಾಖಲೆಯನ್ನು ತಿದ್ದಿಕೊಂಡಿತು. ತಂದೆ ತೀರಿಹೋದ ಮೂವತ್ತಾರು ವರ್ಷಗಳ ಮೇಲೆ ಹಳೆಯ ಕಾಗದ ನೋಡಿ ಕೂಡಿ ಕಳೆಯುವ ಮಗ! ಕಚೇರಿಯಲ್ಲಿ ಕಡತಗಳ ಮಧ್ಯೆ ಕುಳಿತು ಇದನ್ನು ನೆನೆದಾಗ ನಮ್ಮ ಕಣ್ಣು ತುಸು ಒದ್ದೆಯಾಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಈಗ ಅಣ್ಣನ ಪ್ರಶ್ನೆಗೆ ಬರೋಣ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಐಡಿಯಲ್ ಜಾವಾ ಕಾರ್ಖಾನೆ ನಡೆಯುತ್ತಿತ್ತು. ಚೆಕೊಸ್ಲೊವಾಕಿಯದ ಜಾವಾ ಬೈಕು ಅಲ್ಲಿ ತಯಾರಾಗಿ, ಮುಂದೆ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಸ್ಪೇರುಗಳಿಗೆ ಪರದಾಟ. ತಂದೆಯವರು ಭಾನುವಾರಗಳಲ್ಲಿ ಮೈಸೂರಿನ ಗುಜರಿ ಅಂಗಡಿಗಳನ್ನು ಸುತ್ತಿ, ಒಂದು ಕಡೆ ಕ್ಲಚ್ ಪ್ಲೇಟು, ಇನ್ನೊಂದು ಕಡೆ ಬೇರಿಂಗು ಹುಡುಕಿ, ಸಿಲಿಂಡರಿಗೆ ಬೋರಿಂಗ್ ಮಾಡಿಸಿ ಅದನ್ನು ಓಡಿಸಿಕೊಂಡು ಬಂದರು. ನಾವು ಬಿ.ಎಸ್‌ಸಿ. ಓದುವಾಗ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆವು. ಇಂಜಿನ್ನಿನ ಯಾವ ಭಾಗ ಎಲ್ಲಿದೆ ಎಂಬುದನ್ನು ನಾವು ಕಲಿತದ್ದು ಕಾಲೇಜಿನಲ್ಲಲ್ಲ, ಆ ಅಂಗಳದಲ್ಲಿ.

ಮನ್ರೊನ ಇಂಜಿನ್ನಿನಲ್ಲೂ 1920ರ ಮೂಲ ಭಾಗಗಳು ಉಳಿದದ್ದು ಅತ್ಯಲ್ಪ. ಆದರೂ ಅದನ್ನು ಅವನ ಇಂಡಿಯನ್ ಅಲ್ಲವೆಂದು ಯಾರೂ ಅನ್ನಲಿಲ್ಲ. ಬದಲಾದ ಒಂದೊಂದು ಭಾಗದ ಹಿಂದೆಯೂ ಅವನ ಒಂದೊಂದು ರಾತ್ರಿ ಇತ್ತು. ಕಾರ್ಖಾನೆಯವರು ಕೊಟ್ಟದ್ದಕ್ಕಿಂತ ಹೆಚ್ಚಾಗಿ ಅದು ಅವನದಾದದ್ದು ಬದಲಾದ ಭಾಗಗಳಿಂದಲೇ.

ಮರುದಿನ ಅಣ್ಣನಿಗೆ ಫೋನ್ ಮಾಡಿ, “ಅಪ್ಪನದಲ್ಲದ ಆ ಪಿಸ್ಟನ್ ಇದೆಯಲ್ಲ, ಅದನ್ನು ಹುಡುಕಿ ತಂದವರು ಯಾರು?” ಎಂದು ಕೇಳಿದೆವು. ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸಂಕ್ರಾಂತಿಗೆ ಬಾ, ಇಬ್ಬರೂ ಸೇರಿ ಬಿಚ್ಚೋಣ. ಮಗಳನ್ನೂ ಕರಕೊಂಡು ಬಾ. ಟಾರ್ಚ್ ಹಿಡಿಯೋಕೆ ಒಬ್ಬರು ಬೇಕು” ಎಂದ.